ಪ್ರೋಟಾನ್, ಎನ್-1, ಅಂಗಾರ: 1:100 ಮಾದರಿಗೆ ಸರಿಯಾದ ವಿವರ ಬೇಕು

ಹಾರಂಗಿ_ಹಿನ್ನೀರು
ನಮಸ್ಕಾರ. ಮಡಿಕೇರಿಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ 9ನೇ ತರಗತಿ ಮಕ್ಕಳು ರಷ್ಯಾದ ಭಾರಿ ರಾಕೆಟ್‌ಗಳ ಮಾದರಿ ಮಾಡುತ್ತಿದ್ದಾರೆ. ಪಿವಿಸಿ ಪೈಪು, ಡ್ರಾಯಿಂಗ್ ಶೀಟು, ಅಳತೆ 1:100. ಪ್ರೋಟಾನ್ ಬುಡದ ಸುತ್ತ ಇರುವ ಆರು ಕೊಳವೆಗಳು ಕಳಚಿ ಬೀಳುವ ಬೂಸ್ಟರ್‌ಗಳೇ? ಚಂದ್ರನಿಗೆ ಹೋಗಲೆಂದು ಸೋವಿಯತ್ ಒಕ್ಕೂಟ ಮಾಡಿದ್ದ ಎನ್-1 ನಾಲ್ಕು ಸಲವೂ ವಿಫಲವಾದದ್ದಕ್ಕೆ "ಎಂಜಿನ್ ಜಾಸ್ತಿಯಾಯಿತು" ಅಂತ ಚಾರ್ಟಿನಲ್ಲಿ ಬರೆದರೆ ಸಾಕೇ? ಅಂಗಾರದ ಬಗ್ಗೆಯೂ ಎರಡು ಮಾತು ಹೇಳಿ.

ಪುಷ್ಪಗಿರಿ
ಬೂಸ್ಟರ್ ಅಲ್ಲ ಟೀಚರ್, ಆರೂ ಇಂಧನದ ಟ್ಯಾಂಕು. ನಡುವಿನ 4.1 ಮೀಟರ್ ದಪ್ಪದ ಟ್ಯಾಂಕಿನಲ್ಲಿ ಇಂಧನವನ್ನು ಉರಿಸುವ ನೈಟ್ರೋಜನ್ ಟೆಟ್ರಾಕ್ಸೈಡ್, ಸುತ್ತಲಿನ ಆರರಲ್ಲಿ ಯುಡಿಎಂಎಚ್ ಎಂಬ ದ್ರವ ಇಂಧನ. ಒಂದೊಂದರ ಕೆಳಗೂ ಒಂದು ಆರ್‌ಡಿ-253 ಎಂಜಿನ್. ಮೊದಲ ಹಂತ ಕಳಚುವಾಗ ಎಲ್ಲ ಒಟ್ಟಿಗೇ ಹೋಗುತ್ತವೆ.

ಈ ಆಕಾರಕ್ಕೆ ಕಾರಣ ರೈಲು. ಕಾರ್ಖಾನೆ ಮಾಸ್ಕೋದಲ್ಲಿ, ಉಡಾವಣೆ ಕಜಾಕಸ್ತಾನದ ಬೈಕೊನೂರಿನಲ್ಲಿ. ರೈಲಿನಲ್ಲಿ ಸಾಗಿಸಲು ಸಾಧ್ಯವಿದ್ದ ದಪ್ಪವೇ 4.1 ಮೀಟರ್. ಹಾಗಾಗಿ ಪಕ್ಕದ ಟ್ಯಾಂಕುಗಳನ್ನು ಬೇರೆ ಒಯ್ದು ಅಲ್ಲೇ ಜೋಡಿಸುತ್ತಾರೆ. ರೈಲೇ ಇಲ್ಲದ ನಮ್ಮ ಜಿಲ್ಲೆಯ ಮಕ್ಕಳಿಗೆ ಸಂಪಾಜೆ ಘಾಟಿಯ ತಿರುವು, ಉದ್ದದ ಲಾರಿ ಅಂದರೆ ತಕ್ಷಣ ಹಿಡಿಯುತ್ತದೆ.

ಮಾದರಿಗೆ ನಡುವೆ 40 ಎಂಎಂ ಪಿವಿಸಿ, ಸುತ್ತ ಡ್ರಿಪ್‌ನ 16 ಎಂಎಂ ಲ್ಯಾಟರಲ್ ಪೈಪಿನ ಆರು ತುಂಡು. ಒಟ್ಟು ಅಗಲ 7.4 ಸೆಂ.ಮೀ. ಇರಬೇಕು, ಸರಿಸುಮಾರು ಅಷ್ಟೇ ಬರುತ್ತದೆ. ಎತ್ತರ 58 ಸೆಂ.ಮೀ.

ಸೋವಿಯತ್ ವಿನ್ಯಾಸಕ ಚೆಲೊಮೇಯ್ ಅವರ ತಂಡದ ಈ ರಾಕೆಟ್ ಮೊದಲು ಹಾರಿದ್ದು 1965ರ ಜುಲೈ 16ರಂದು. ಸಲ್ಯೂತ್-1 ಬಾಹ್ಯಾಕಾಶ ನಿಲ್ದಾಣ, ಮಿರ್ ನಿಲ್ದಾಣದ ಮೂಲ ಘಟಕ, ಅಂತರರಾಷ್ಟ್ರೀಯ ನಿಲ್ದಾಣದ ಜರ್ಯಾ ಘಟಕ ಎಲ್ಲವನ್ನೂ ಹೊತ್ತದ್ದು ಇದೇ. ಇದರ ಎರಡೂ ದ್ರವಗಳು ಮಾಮೂಲಿ ಉಷ್ಣತೆಯಲ್ಲೇ ಇರುತ್ತವೆ, ಕಿಡಿಯೂ ಬೇಡ, ಎರಡೂ ಸೇರಿದರೆ ಹೊತ್ತಿಕೊಳ್ಳುತ್ತವೆ. ಆದರೆ ಕಡು ವಿಷ.

ಒಂದು ವೈಫಲ್ಯವನ್ನು ಚಾರ್ಟಿಗೆ ಹಾಕಲೇಬೇಕು. 2013ರ ಜುಲೈ 2ರಂದು ದಾರಿ ತೋರುವ ಮೂರು ಗ್ಲೊನಾಸ್ ಉಪಗ್ರಹ ಹೊತ್ತ ಪ್ರೋಟಾನ್-ಎಂ ಮೇಲೇಳುತ್ತಲೇ ಓಲಾಡಿ, ಸುಮಾರು ಅರ್ಧ ನಿಮಿಷದಲ್ಲಿ ನೆಲಕ್ಕೆ ಬಿತ್ತು. ಅಡ್ಡ ತಿರುಗುವಿಕೆ ಅಳೆಯುವ ಆರು ಸಂವೇದಕಗಳಲ್ಲಿ ಮೂರನ್ನು ತಲೆಕೆಳಗಾಗಿ ಕೂರಿಸಿದ್ದರು. ಬಲವಂತವಾಗಿ ತುರುಕಿದ ಗುರುತು ತನಿಖೆಯಲ್ಲಿ ಸಿಕ್ಕಿತು. ರಾಕೆಟ್ ಎಡಕ್ಕೆ ವಾಲಿದರೆ ಬಲಕ್ಕೆ ವಾಲಿತು ಎಂಬ ಸುದ್ದಿ. ತಿದ್ದಲು ಹೋದಷ್ಟೂ ಇನ್ನಷ್ಟು ವಾಲಿತು.

ಬ್ರಹ್ಮಗಿರಿ_ಮಂಜು
"ಎಂಜಿನ್ ಜಾಸ್ತಿಯಾಯಿತು" ಬೇಡ. 2018ರಲ್ಲಿ ಫಾಲ್ಕನ್ ಹೆವಿ 27 ಎಂಜಿನ್ ಇಟ್ಟುಕೊಂಡು ಮೊದಲ ಸಲವೇ ಹಾರಿತು. ಎನ್-1ರ ಮೊದಲ ಹಂತದಲ್ಲಿ 30 ಎನ್‌ಕೆ-15 ಎಂಜಿನ್ ಇದ್ದವು. ಇಡೀ ಹಂತವನ್ನು ನೆಲದ ಮೇಲೆ ಕಟ್ಟಿಹಾಕಿ ಒಮ್ಮೆಯೂ ಉರಿಸಿ ನೋಡಲಿಲ್ಲ, ರೋಗದ ಮೂಲ ಅದು. ಈ ಎಂಜಿನನ್ನು ಒಮ್ಮೆ ಉರಿಸಿದರೆ ಮತ್ತೆ ಬಳಸುವಂತಿರಲಿಲ್ಲ. ಹಾಗಾಗಿ ಆರರಲ್ಲಿ ಎರಡನ್ನು ಉರಿಸಿ ನೋಡಿ, ಉಳಿದ ನಾಲ್ಕನ್ನು ನಂಬಿಕೆಯ ಮೇಲೆ ಜೋಡಿಸುತ್ತಿದ್ದರು.

1969ರ ಫೆಬ್ರವರಿ 21: ಬಾಲದಲ್ಲಿ ಬೆಂಕಿ, 68.7ನೇ ಸೆಕೆಂಡಿಗೆ ಎಂಜಿನ್‌ಗಳನ್ನು ಕಾಯುವ ಕೊರ್ಡ್ ವ್ಯವಸ್ಥೆ ಎಲ್ಲವನ್ನೂ ನಿಲ್ಲಿಸಿತು. ಅದೇ ವರ್ಷ ಜುಲೈ 3: 8ನೇ ಎಂಜಿನ್‌ನ ಆಮ್ಲಜನಕ ಪಂಪು ಸ್ಫೋಟ, ಒಂದನ್ನು ಬಿಟ್ಟು ಉಳಿದೆಲ್ಲ ಬಂದ್, ಟನ್‌ಗಟ್ಟಲೆ ಇಂಧನದ ಸಮೇತ ರಾಕೆಟ್ ಉಡಾವಣಾ ವೇದಿಕೆಯ ಮೇಲೇ ಕುಸಿಯಿತು. 1971ರ ಜೂನ್ 27: ಬುಡದಲ್ಲಿ ಎದ್ದ ಗಾಳಿಸುಳಿಗೆ ರಾಕೆಟ್ ತನ್ನ ಸುತ್ತಲೇ ತಿರುಗತೊಡಗಿತು, ಹಿಡಿತಕ್ಕೆ ಸಿಗಲಿಲ್ಲ.

ನಾಲ್ಕನೆಯದನ್ನು ಕಾಫಿ ತೋಟದವರ ಮಕ್ಕಳು ಎಲ್ಲರಿಗಿಂತ ಚೆನ್ನಾಗಿ ವಿವರಿಸಬಲ್ಲರು. 1972ರ ನವೆಂಬರ್ 23, ಸುಮಾರು 90ನೇ ಸೆಕೆಂಡು. ನಡುವಿನ ಆರು ಎಂಜಿನ್‌ಗಳನ್ನು ಯೋಜನೆಯಂತೆಯೇ ನಿಲ್ಲಿಸಿದರು. ರಭಸದಿಂದ ಬರುತ್ತಿದ್ದ ದ್ರವ ಗಕ್ಕನೆ ನಿಂತು ಕೊಳವೆಯನ್ನು ಗುದ್ದಿತು, ಕೊಳವೆ ಒಡೆದು ಬೆಂಕಿ. ಕಾಫಿ ಹೂವರಳಲೆಂದು ನೀರು ಹಾಯಿಸುವಾಗ ವಾಲ್ವನ್ನು ಒಮ್ಮೆಲೇ ತಿರುಗಿಸಿದರೆ ಸ್ಪ್ರಿಂಕ್ಲರ್ ಪೈಪಿನ ಜಾಯಿಂಟ್ ಹಾರುತ್ತದಲ್ಲ, ಅದೇ ವಾಟರ್ ಹ್ಯಾಮರ್. 107ನೇ ಸೆಕೆಂಡಿಗೆ ಮುಗಿಯಿತು. ಮೊದಲ ಹಂತದ ಕೆಲಸಕ್ಕೆ ಇನ್ನು ಏಳು ಸೆಕೆಂಡಷ್ಟೇ ಬಾಕಿ ಇತ್ತು.

ಮಾದರಿ 105 ಸೆಂ.ಮೀ. ಎತ್ತರ, ಬುಡ 17. ಎಂಜಿನ್‌ಗಳನ್ನು ಒಂದೇ ಬಳೆಯಲ್ಲಿ ಅಂಟಿಸಬೇಡಿ: ಹೊರಗೆ 24, ಒಳಗೆ 6.

ಕುಶಾಲನಗರದವ
ಅಂಗಾರ-ಎ5 ಬೇಗ ಮುಗಿಯುತ್ತದೆ: ಒಂದೇ ಬಗೆಯ ಐದು ಕೊಳವೆ, ನಡುವೆ ಒಂದು, ಸುತ್ತ ನಾಲ್ಕು. ಪ್ರತಿಯೊಂದಕ್ಕೂ ಒಂದು ಆರ್‌ಡಿ-191, ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕ. ಇಲ್ಲಿ ಪಕ್ಕದ ನಾಲ್ಕು ನಿಜವಾಗಿಯೂ ಕಳಚುತ್ತವೆ. ಮೊದಲ ಹಾರಾಟ 2014ರ ಡಿಸೆಂಬರ್ 23, ರಷ್ಯಾದ ಪ್ಲೆಸೆತ್ಸ್ಕ್ ಉಡಾವಣಾ ಕೇಂದ್ರದಿಂದ. ಇನ್ನೊಂದು ಕೇಂದ್ರವಾದ ವೊಸ್ತೊಚ್ನಿಯಿಂದ ಎರಡು ದಿನ ತಡೆದು ಹೊರಟಿದ್ದು 2024ರ ಏಪ್ರಿಲ್ 11ರಂದು.

ಎನರ್ಗಿಯಾ ಎಂಬ ಇನ್ನೊಂದು ಭಾರಿ ರಾಕೆಟ್ ಬಿಟ್ಟುಹೋಗಿದೆ. ಹಾರಿದ್ದು ಎರಡೇ ಸಲ, 1987ರ ಮೇ 15 ಮತ್ತು 1988ರ ನವೆಂಬರ್ 15. ಎರಡನೆಯದು ಮನುಷ್ಯರಿಲ್ಲದ ಬುರಾನ್ ನೌಕೆಯೊಂದಿಗೆ. ಅದರ ಪಕ್ಕದ ರಾಕೆಟ್‌ಗಳ ಆರ್‌ಡಿ-170ಗೆ ನಾಲ್ಕು ಉರಿಕೋಣೆ. ಅಂಗಾರದ ಎಂಜಿನ್ ಅಂದರೆ ಅದರ ಕಾಲು ಭಾಗ.

ಹಾರಂಗಿ_ಹಿನ್ನೀರು
ತುಂಬ ಉಪಕಾರವಾಯಿತು. ನಮ್ಮ ದೇಶಕ್ಕೂ ಇದಕ್ಕೂ ಏನು ನಂಟು ಅಂತ ಕೇಳಿದರೆ?

ಬ್ರಹ್ಮಗಿರಿ_ಮಂಜು
ಇದೆ. ಎನ್-1ರ ಚಂದ್ರಯಾತ್ರೆಗೆ ಬೇಕಾದ ಮೇಲಿನ ಹಂತಕ್ಕೆಂದು ಇಸಾಯೆವ್ ಅವರ ವಿನ್ಯಾಸ ಕೇಂದ್ರ ಮಾಡಿದ್ದ ಹೈಡ್ರೋಜನ್ ಎಂಜಿನ್ ಆ ರಾಕೆಟ್ಟಿನಲ್ಲಿ ಹಾರಲೇ ಇಲ್ಲ. ಅದರಿಂದ ಬಂದದ್ದೇ ಕೆವಿಡಿ-1. 2001ರ ಏಪ್ರಿಲ್ 18ರಂದು ಶ್ರೀಹರಿಕೋಟದಿಂದ ನಮ್ಮ ಮೊದಲ ಜಿಎಸ್‌ಎಲ್‌ವಿಯ ತುದಿಯಲ್ಲಿ ಇದ್ದದ್ದು ಅದು. ಅಮೆರಿಕದ ಒತ್ತಡದಿಂದ ತಂತ್ರಜ್ಞಾನ ಕೊಡುವುದು ನಿಂತು, ಸಿದ್ಧ ಹಂತಗಳು ಮಾತ್ರ ಬಂದವು. ಬಂದದ್ದು ಏಳು, ಹಾರಿದ್ದು ಆರು.