ಕ್ರಿಪ್ಟಿಕ್ ಕ್ರಾಸ್‌ವರ್ಡ್ ಬಿಡಿಸುವವರು ಯಾರಾದರೂ ಇದ್ದೀರಾ?

ಬೆಳಗಿನ ಕಾಫಿ:
ಕನ್ನಡ ಪದಬಂಧ ಆದರೆ ಕಾಫಿ ಆರುವುದರೊಳಗೆ ಮುಗಿಸುತ್ತೇನೆ. ಸುಳಿವು ನೇರವಾಗಿರದೆ ಒಗಟಿನ ತರ ಇರುವ ಈ ಇಂಗ್ಲಿಷ್ ಕ್ರಿಪ್ಟಿಕ್ ಮುಂದೆ ಕೂತರೆ ಒಂದು ಮನೆಯೂ ತುಂಬುವುದಿಲ್ಲ. ‘ಪ್ಲಾನೆಟ್ ವಿತ್ ಬ್ರೋಕನ್ ಹಾರ್ಟ್ (5)’ ಅಂತ ಒಂದು ಸುಳಿವು. ಪ್ರೀತಿ ಪ್ರೇಮದ ವಿಷಯ ಅಲ್ವಾ ಅಂತ ವೀನಸ್ ಬರೆದೆ, ಅಕ್ಷರವೂ ಸರಿಯಾಗಿ ಐದೇ ಇತ್ತು, ಆಮೇಲೆ ನೋಡಿದರೆ ಮೇಲಿಂದ ಕೆಳಕ್ಕೆ ಬರುವ ಪದಗಳೆಲ್ಲ ಕೆಟ್ಟು ಕೂತವು.

ಹಳೇ ಪೆನ್ಸಿಲ್:
ವೀನಸ್ ಅಂತ ಬರೆಯಲಿ ಅಂತಲೇ ಹಾಕಿದ ಬಲೆ ಅದು! ಸುಳಿವನ್ನು ಕಥೆ ತರ ಓದಬೇಡಿ. ಅರ್ಥ ಸಾಮಾನ್ಯವಾಗಿ ಒಂದು ತುದಿಯಲ್ಲಿರುತ್ತದೆ, ಮೊದಲಲ್ಲೋ ಕೊನೆಯಲ್ಲೋ. ಇಲ್ಲಿ ಪ್ಲಾನೆಟ್. ಉಳಿದದ್ದು ಅಕ್ಷರದ ಆಟ. ಹಾರ್ಟ್ ಸ್ಪೆಲಿಂಗ್ ಒಡೆದು ಬೇರೆ ತರ ಜೋಡಿಸಿ, ಅರ್ತ್ ಬರುತ್ತದೆ, ಅಂದರೆ ಭೂಮಿ. ಬ್ರೋಕನ್, ಡ್ರಂಕ್, ಕ್ರೇಜಿ, ಇಂಥದ್ದು ಕಂಡರೆ ಪಕ್ಕದ ಪದವನ್ನು ಕಲಸಬೇಕು ಅಂತ.

ಅಡ್ಡ ಉದ್ದ:
ನನ್ನನ್ನು ಜಾಸ್ತಿ ಸತಾಯಿಸಿದ್ದು ಫ್ಲವರ್. ಸ್ಪೆಲಿಂಗ್ ಹೂವಿನದೇ, ಆದರೆ ಈ ಸುಳಿವು ಬರೆಯುವವರ ಲೆಕ್ಕದಲ್ಲಿ ‘ಫ್ಲೋ’ ಆಗುವುದೆಲ್ಲ ಫ್ಲವರ್, ಅಂದರೆ ನದಿ. ಗುಲಾಬಿ ಸಂಪಿಗೆ ಅಂತ ಹುಡುಕುತ್ತಾ ಕೂತವನಿಗೆ ಉತ್ತರ ನೈಲ್ ಅಂತ ಗೊತ್ತಾದಾಗ ಪೇಪರ್ ಹರಿದು ಹಾಕೋಣ ಅನ್ನಿಸಿತ್ತು. ಶುರುವಿಗೆ ಬಚ್ಚಿಟ್ಟ ಪದ ಹುಡುಕಿ, ಅದು ಸುಲಭ. ‘ಸಮ್ ಮ್ಯಾನ್ ಗೋಯಿಂಗ್ ಫಾರ್ ಫ್ರೂಟ್ (5)’. ಸಮ್ ಅಂದರೆ ಒಂದು ತುಂಡು ಮಾತ್ರ ತಗೊಳ್ಳಿ ಅಂತ. ಮ್ಯಾನ್ ಗೋಯಿಂಗ್ ಎರಡನ್ನೂ ಕೂಡಿಸಿ ಓದಿ, ಮ್ಯಾಂಗೋ ಸಿಕ್ಕಿತಲ್ವಾ?

ಬೆಳಗಿನ ಕಾಫಿ:
ಅಯ್ಯೋ, ಕಣ್ಣೆದುರೇ ಇತ್ತು. ಕನ್ನಡದಲ್ಲೂ ಹೀಗೆ ಮಾಡಬಹುದಾ?

ಹಳೇ ಪೆನ್ಸಿಲ್:
ಕಲಸುವುದು ಕಷ್ಟ. ನಮ್ಮಲ್ಲಿ ಕಾಗುಣಿತ, ಒತ್ತು ಎಲ್ಲ ಸೇರಿ ಒಂದೇ ಮನೆಯಲ್ಲಿ ಕೂರುತ್ತವೆ. ಸ್ವಾತಂತ್ರ್ಯಕ್ಕೆ ಮೂರೇ ಮನೆ, ಹೇಗೆ ಕಲಸಿದರೂ ಇನ್ನೊಂದು ಪದ ಹುಟ್ಟುವುದಿಲ್ಲ. ಬಚ್ಚಿಡುವುದು, ತಿರುಗಿಸುವುದು ಮಾತ್ರ ಚೆನ್ನಾಗಿ ಬರುತ್ತದೆ. ಈಗ ಸುಮ್ನೆ ಒಂದು ಮಾಡಿದೆ, ನೋಡಿ: ‘ಲೋಕ ಮಲಗಿದಾಗ ಒಳಗೆ ಅರಳಿದ ಹೂವು (3)’.

ಅಡ್ಡ ಉದ್ದ:
ಇದು ನದಿ ಅಲ್ಲ ತಾನೇ?

ಬೆಳಗಿನ ಕಾಫಿ:
ಲೋ, ಕಮಲ, ಗಿದಾಗ! ಕಮಲ! ಇನ್ನೊಂದು ಕೊಡಿ.

ಹಳೇ ಪೆನ್ಸಿಲ್:
‘ರಸ ತಿರುಗಿ ಕೊರಳಿಗೆ ಬಂತು (2)’. ಕಾಫಿ ಆರುವುದರೊಳಗೆ ಹೇಳಬೇಕು.