ಪದಚರ್ಚೆ: ‘ಟೋನ್‌ವುಡ್’ಗೆ ಬೋರ್ಡಿನ ಮೇಲೆ ಏನು ಬರೆಯಬೇಕು? (ನಾಳೆ ಬೆಳಿಗ್ಗೆಗೆ ಬೇಕು)

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಕೈಯಲ್ಲೇ ಒಂದು ಗಿಟಾರ್ ಮಾಡಿದ್ದಾರೆ. ಮರವೆಲ್ಲ ನಮ್ಮ ಸುತ್ತಮುತ್ತಲಿನದೇ. ಮೇಲಿನ ಹಲಗೆ ಗಂಧಗರಿಗೆ. ಹಿಂಬದಿ ಮತ್ತು ಪಕ್ಕಗಳು ಬೀಟೆ, ಹಳೇ ಮನೆಯ ಮುರಿದ ಮಂಚದ್ದು. ಕುತ್ತಿಗೆ ಹಲಸು. ಮೊದಲು ಪ್ರಯೋಗಕ್ಕೆಂದು ತೋಟದ ಸಿಲ್ವರ್ (ಸಿಲ್ವರ್ ಓಕ್) ಮರದಲ್ಲಿ ಒಂದು ಮೇಲ್ಹಲಗೆ ಮಾಡಿದ್ದರು, ಅದನ್ನೂ ಪ್ರದರ್ಶನಕ್ಕೆ ಇಡುತ್ತಾರೆ. ಪಕ್ಕದಲ್ಲಿ ಮರದ ತುಂಡುಗಳ ಸಾಲು, ಅದರ ಮೇಲೊಂದು ಬೋರ್ಡು. ಬರೆಯುವವರು ನಾಳೆ ಬೆಳಿಗ್ಗೆಯೇ ಬರುತ್ತಾರೆ.

ತಲೆಬರಹಕ್ಕೆ ‘ಟೋನ್‌ವುಡ್’, ಅಂದರೆ ವಾದ್ಯ ಮಾಡಲು ಆರಿಸುವ ಮರ, ಅನ್ನುವುದರ ಕನ್ನಡ ಬೇಕು. ನಾನು ‘ನಾದಮರ’ ಅಂದುಕೊಂಡಿದ್ದೇನೆ. ಗಿಟಾರಿನ ಭಾಗಗಳಿಗೂ ಕನ್ನಡದ ಹೆಸರಿದ್ದರೆ ತಿಳಿಸಿ. ಬೀಟೆ ಅಂದರೆ ಈಗಿನ ಹುಡುಗರಿಗೆ ಗೊತ್ತಾಗುತ್ತದೆಯೇ, ರೋಸ್‌ವುಡ್ ಅಂತಲೇ ಬರೆಸಲೇ?

ಹಾಸನದಿಂದ:

‘ನಾದಮರ’ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು. ಬೋರ್ಡಿನ ಮೇಲೆ ಬೇಡವೇ ಬೇಡ. ‘ದನಿಮರ’ ಅನ್ನಿ. ದನಿ ತದ್ಭವ, ಮರ ದೇಶ್ಯ, ತಕರಾರಿಲ್ಲ.

ಭಾಗಗಳಿಗೆ ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ, ವೀಣೆಯವು ಇವೆ. ಕುತ್ತಿಗೆಗೆ ದಂಡಿ, ತಂತಿ ಕೂರುವುದು ಕುದುರೆ, ತಿರುಗಿಸುವುದು ಬಿರಡೆ, ಬೆರಳಿಡುವಲ್ಲಿ ಮೆಟ್ಟಿಲು.

ಬೇಲೂರಿನಿಂದ:

ದನಿಯೂ ಧ್ವನಿಯಿಂದಲೇ ಬಂದದ್ದು. ಎರವಲನ್ನು ತೊಳೆದು ಒಣಗಿಸಿದರೆ ಅದು ನಮ್ಮದಾಗಿಬಿಡುವುದಿಲ್ಲ. ನಮ್ಮಲ್ಲಿ ‘ಉಲಿ’ ಇದೆ, ಪಂಪನ ಕಾಲಕ್ಕೂ ಇತ್ತು. ‘ಉಲಿಮರ’ ಅಂತ ಬರೆಸಿ. ಸಿಲ್ವರ್ ಅಂತಲೂ ಬರೆಸಬೇಡಿ, ‘ಬೆಳ್ಳಿಮರ’ ಅನ್ನಿ.

ಮೂಡಿಗೆರೆಯಿಂದ:

ಉಲಿಮರ ಅಂದರೆ ಹಕ್ಕಿ ಕೂತು ಕೂಗುವ ಮರ ಅಂದುಕೊಳ್ಳುತ್ತಾರೆ ಮಾರಾಯ್ರೆ. ಇನ್ನು ಬೆಳ್ಳಿಮರ ಯಾವುದು ಅಂತ ನಮ್ಮ ಕಡೆ ಯಾವ ತೋಟದಲ್ಲಿ ಬೇಕಾದರೂ ಕೇಳಿ ನೋಡಿ, ಒಬ್ಬರೂ ಕೈ ತೋರಿಸುವುದಿಲ್ಲ. ಆ ಮರ ಆಸ್ಟ್ರೇಲಿಯಾದಿಂದ ಕಾಫಿಗೆ ನೆರಳಾಗಲಿ ಅಂತ ಬಂದದ್ದು, ಓಕ್ ಜಾತಿಗೆ ಸೇರಿದ್ದೇ ಅಲ್ಲ. ಕೊಂಬೆ ಕಡಿಯುವವರಿಂದ ಹಿಡಿದು ಲಾರಿಯವರವರೆಗೆ ಎಲ್ಲರಿಗೂ ಅದು ‘ಸಿಲ್ವರ್’. ಮರದ ಜೊತೆ ಬಾಳುವವರು ಕರೆಯುವ ಹೆಸರೇ ಅದರ ಕನ್ನಡ.

ಸಕಲೇಶಪುರದಿಂದ:

ಬೀಟೆಯ ಬಗ್ಗೆ ಒಂದು ಮಾತು. ಇದು ‘ಬಿಡು’ ಧಾತುವಿನಿಂದ ಬಂದದ್ದು ಅಂತ ನಾನು ಬಹಳ ಕಾಲದಿಂದ ಹೇಳುತ್ತಲೇ ಬಂದಿದ್ದೇನೆ. ಸೀಳಿದರೆ ಎಳೆ ಬಿಟ್ಟುಕೊಳ್ಳುವ ಮರ, ಅದಕ್ಕೇ ಬೀಟೆ. ಬಿಡು, ಬೀಡು, ಬೀಟೆ, ಸ್ವರ ದೀರ್ಘವಾಗಿದೆ ಅಷ್ಟೆ. ಬೋರ್ಡಿನಲ್ಲಿ ಇದಕ್ಕೂ ಒಂದು ಸಾಲು ಕೊಟ್ಟರೆ ಓದುವವರಿಗೆ ಉಪಯೋಗ.

ಹಾಸನದಿಂದ:

ದಯವಿಟ್ಟು ಆ ಸಾಲು ಬರೆಸಬೇಡಿ. ಮಲಯಾಳದಲ್ಲಿ ಈ ಮರಕ್ಕೆ ‘ಈಟ್ಟಿ’ ಎಂದೂ ಹೇಳುತ್ತಾರೆ. ಆ ರೂಪದಲ್ಲಿ ಬಕಾರವೇ ಇಲ್ಲ, ನಿಮ್ಮ ‘ಬಿಡು’ ಎಲ್ಲಿ ನಿಂತಿತು? ಪಕ್ಕದ ಭಾಷೆಯನ್ನು ನೋಡದೆ ಹೇಳುವ ನಿರುಕ್ತಿ ಬರೀ ಊಹೆ.

ಅರಕಲಗೂಡಿನಿಂದ:

ಗಿಟಾರ್ ಮಾಡಿದವರ ಕಡೆಯಿಂದ ಯಾರೂ ನೋಡುತ್ತಿಲ್ಲ ಅನ್ನಿಸಿ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಉಲಿ, ದನಿ, ನಾದ ಮೂರೂ ಮರಕ್ಕೇ ಒಂದು ಶಬ್ದಗುಣ ಅಂಟಿದೆ ಎಂದು ಹೇಳುತ್ತವೆ. ಹಾಗಿಲ್ಲ. ಈ ಗಿಟಾರಿನಲ್ಲೇ ನೋಡಿ. ಮೇಲ್ಹಲಗೆಗೆ ಬೇಕಾದದ್ದು ಹಗುರವಾದ, ಆದರೆ ಸುಲಭಕ್ಕೆ ಬಾಗದ ಮರ. ತಂತಿಯ ಎಳೆತವನ್ನೂ ತಾಳಬೇಕು, ಮೀಟಿದೊಡನೆ ನಡುಗಲೂ ಬೇಕು. ಪಶ್ಚಿಮದವರು ಇದಕ್ಕೆ ಸ್ಪ್ರೂಸ್ ಬಳಸುತ್ತಾರೆ. ಅದು ಚಳಿದೇಶದ ಮರ, ನಮ್ಮ ಘಟ್ಟದಲ್ಲಿಲ್ಲ. ಗಂಧಗರಿಗೆ ಆರಿಸಿದ್ದು ನನಗೆ ಬಹಳ ಹಿಡಿಸಿತು. ಉತ್ತರದವರು ಇದನ್ನೇ ‘ತುನ್’ ಅಂತಾರೆ, ಸಿತಾರ್ ಮಾಡುವವರಿಗೆ ಇದು ತೀರಾ ಪರಿಚಯದ ಮರ. ಕೆಂಪಗೆ, ಹಗುರವಾಗಿ, ಉಳಿಗೆ ಸುಲಭವಾಗಿ ಸಿಗುತ್ತದೆ.

ಹಿಂಬದಿಗೆ ಬೇಕಾದದ್ದು ಇದರ ಉಲ್ಟಾ. ಅಲ್ಲಿ ಭಾರವಾದ ಗಡಸು ಮರವೇ ಆಗಬೇಕು, ಮೇಲಿಂದ ಬಂದ ಕಂಪನವನ್ನು ನುಂಗದೆ ತಿರುಗಿಸಿ ಕೊಡುವಂಥದು. ಬೀಟೆ ಅದಕ್ಕೆ ಹೇಳಿ ಮಾಡಿಸಿದ್ದು. ಪಕ್ಕದ ಪಟ್ಟಿಯನ್ನು ತೆಳ್ಳಗೆ ಮಾಡಿ ಬಿಸಿ ಕೊಟ್ಟು ಬಗ್ಗಿಸಿದರೆ ತಣಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಬ್ರೆಜಿಲಿನ ರೋಸ್‌ವುಡ್ 1992ರಲ್ಲಿ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಮೊದಲ ಪಟ್ಟಿಗೆ ಸೇರಿ ಅದರ ಅಂತರರಾಷ್ಟ್ರೀಯ ವ್ಯಾಪಾರ ಬಹುಮಟ್ಟಿಗೆ ನಿಂತಿತು. ಆಮೇಲಂತೂ ಹೊರದೇಶದ ಗಿಟಾರ್ ತಯಾರಕರಿಗೆ ನಮ್ಮ ಬೀಟೆಯೇ ದೊಡ್ಡ ಆಸರೆ. 2017ರ ಆರಂಭದಿಂದ ಬೀಟೆಯ ಕುಲವೇ ಎರಡನೇ ಪಟ್ಟಿಯಲ್ಲಿದೆ, ಅಂದರೆ ಪರವಾನಗಿ ಇದ್ದರೆ ಮಾತ್ರ ದೇಶದಿಂದಾಚೆ ಕಳಿಸಬಹುದು. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತು, ಮರದ ದಿಮ್ಮಿಗೆ ಸಿಕ್ಕಿಲ್ಲ. ನಮ್ಮಲ್ಲಿ ಸ್ವಂತ ತೋಟದ ಬೀಟೆಗೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಹಾಕುವಂತಿಲ್ಲ. ಆದ್ದರಿಂದ ‘ಹಳೇ ಮಂಚದ ಬೀಟೆ’ ಅಂತಲೇ ಬೋರ್ಡಿನಲ್ಲಿ ಬರೆಸಿ. ಹೊಸ ಮರ ಕಡಿದಿಲ್ಲ ಅನ್ನುವುದು ಗೊತ್ತಾಗುತ್ತದೆ, ಅಷ್ಟು ವರ್ಷ ಒಣಗಿ ಹದಕ್ಕೆ ಬಂದ ಮರ ಅನ್ನುವುದೂ ಗೊತ್ತಾಗುತ್ತದೆ.

ಹಲಸಿನದು ಇನ್ನೊಂದೇ ಕಥೆ. ವೀಣೆಗೆ ಅದೇ ಬೇಕು. ಕುಡ (ಬುರುಡೆ), ದಂಡಿ ಎಲ್ಲವನ್ನೂ ಒಂದೇ ಮರದಲ್ಲಿ ಕೊರೆದರೆ ಅದು ಏಕಾಂಡ ವೀಣೆ. ಕೆಚ್ಚು, ಅಂದರೆ ಮರದ ಗಟ್ಟಿ ಒಳತಿರುಳು, ಹೊಸದಾಗಿ ಕೊಯ್ದಾಗ ಹಳದಿ, ಗಾಳಿ ಬೆಳಕಿಗೆ ಬರಬರುತ್ತಾ ಕಂದು. ಹುಳಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಇಲ್ಲಿ ‘ಕೆಚ್ಚು’ ಅನ್ನುವುದನ್ನು ಖಂಡಿತ ಬಳಸಿ. ಕೆಚ್ಚೆದೆ ಅನ್ನುವಾಗ ಇರುವ ಕೆಚ್ಚು ಇದೇ. ‘ಹಲಸು’ ಅಂತಷ್ಟೇ ಬರೆದರೆ ಹಣ್ಣು ನೆನಪಾಗುತ್ತದೆ, ‘ಹಲಸಿನ ಕೆಚ್ಚು’ ಅಂದರೆ ಮರಗೆಲಸದವರು ನಿಂತು ನೋಡುತ್ತಾರೆ.

ಹೀಗೆ ಒಂದೊಂದು ಭಾಗಕ್ಕೆ ಒಂದೊಂದು ಗುಣದ ಮರ ಬೇಕಾದಾಗ ಒಟ್ಟು ಹೆಸರು ಬಳಕೆಯನ್ನು ಹೇಳಬೇಕು, ದನಿಯನ್ನಲ್ಲ. ‘ವಾದ್ಯದ ಮರ’ ಅಂತ ಬರೆಸಿ. ಷಷ್ಠಿ ಹಾಕಿದ್ದರಿಂದ ಹಾಸನದವರ ಅರಿಸಮಾಸದ ತಕರಾರೂ ಇರುವುದಿಲ್ಲ.

ಬೇಲೂರಿನಿಂದ:

ವಾದ್ಯವೂ ಸಂಸ್ಕೃತವೇ. ಇಷ್ಟುದ್ದ ಬರೆದು ಮತ್ತೆ ಅಲ್ಲಿಗೇ ಬಂದಿರಿ. ಒಂದೊಂದಾಗಿ ಬಿಟ್ಟುಕೊಡುತ್ತಾ ಹೋದರೆ ಮುಂದೆ ಕನ್ನಡದಲ್ಲಿ ಪ್ರತ್ಯಯಗಳು ಮಾತ್ರ ಉಳಿಯುತ್ತವೆ. ನನಗೆ ಇದು ಸಣ್ಣ ವಿಷಯ ಅಲ್ಲ.

ಅರಕಲಗೂಡಿನಿಂದ:

ನನಗೂ ಸಣ್ಣದಲ್ಲ. ಆದರೆ ಎರವಲು ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಇಂಗ್ಲಿಷಿನ ‘ಟೀಕ್’ ಮಲಯಾಳದ ತೇಕ್ಕು, ಪೋರ್ಚುಗೀಸರ ಬಾಯಿಂದ ಹೋದದ್ದು. ‘ಜ್ಯಾಕ್’ ಹಣ್ಣಿನ ಜ್ಯಾಕ್ ಮಲಯಾಳದ ಚಕ್ಕ, ಅದೂ ಅದೇ ದಾರಿಯಲ್ಲಿ. ತೆಗೆದುಕೊಂಡದ್ದರಿಂದ ಇಂಗ್ಲಿಷ್ ಬಡವಾಗಲಿಲ್ಲ. ತಂಬೂರಿ ಎಂಬ ಹೆಸರಿಗೆ ಪಾರಸಿಯ ನಂಟಿದೆ, ಆದರೂ ನಮ್ಮ ತಾಲ್ಲೂಕಿನ ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲೇ ಮಂದಿರ ಕಟ್ಟಿದ್ದಾರೆ. ಆ ಹೆಸರನ್ನು ಯಾವ ನಿಘಂಟಿನ ಬಲದಿಂದ ಹೊರಗಿನದು ಅನ್ನುತ್ತೀರಿ? ನಾವು ಕಾಯಬೇಕಾದದ್ದು ಗಂಧಗರಿಗೆ, ಬೀಟೆ, ಕೆಚ್ಚು, ಬಿರಡೆ, ಇಂಥವನ್ನು. ಇವು ಮರೆತುಹೋಗುತ್ತಿರುವುದು ಸಂಸ್ಕೃತದಿಂದಲ್ಲ, ಮರಗೆಲಸ ಮಾಡುವವರು ಕಡಿಮೆಯಾಗುತ್ತಿರುವುದರಿಂದ.

ಬೇಲೂರಿನಿಂದ:

ಬಿರಡೆ, ಕೆಚ್ಚಿನ ವಿಷಯಕ್ಕೆ ಒಪ್ಪಿದೆ. ವಾದ್ಯಕ್ಕೆ ಒಪ್ಪಿಲ್ಲ.

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ಧನ್ಯವಾದ. ರಾತ್ರಿ ಭಾವನಿಗೆ ಎಲ್ಲವನ್ನೂ ಓದಿ ಹೇಳಿದೆ. ಕೊನೆಗೆ ನಿರ್ಧಾರವಾದದ್ದು ಹೀಗೆ. ತಲೆಬರಹ: ‘ವಾದ್ಯದ ಮರಗಳು’. ಕೆಳಗೆ: ‘ಮೇಲ್ಹಲಗೆ – ಗಂಧಗರಿಗೆ. ಬೆನ್ನುಹಲಗೆ, ಪಕ್ಕ – ಹಳೇ ಮಂಚದ ಬೀಟೆ. ದಂಡಿ – ಹಲಸಿನ ಕೆಚ್ಚು. ಪ್ರಯೋಗದ ಮೇಲ್ಹಲಗೆ – ಸಿಲ್ವರ್.’ ರೋಸ್‌ವುಡ್ ಬೇಡ, ಬೀಟೆ ಗೊತ್ತಿಲ್ಲದವರು ಬಂದು ಕೇಳಲಿ, ತುಂಡು ಕೈಗೆ ಕೊಟ್ಟು ತೋರಿಸುತ್ತೇನೆ ಅಂತ ಭಾವ ಹೇಳಿದರು. ಇದರಲ್ಲಿ ಕಾಗುಣಿತದ ತಪ್ಪೇನಾದರೂ ಇದ್ದರೆ ಬೆಳಿಗ್ಗೆ ಎಂಟರೊಳಗೆ ತಿಳಿಸಿ.

ಹಾಸನದಿಂದ:

‘ಬೆನ್ನುಹಲಗೆ’ ಒಂದೇ ಪದ, ನಡುವೆ ಜಾಗ ಬಿಡದಂತೆ ಬರೆಯುವವರಿಗೆ ಹೇಳಿ. ಉಳಿದದ್ದು ಸರಿ ಇದೆ.

ಸಕಲೇಶಪುರದಿಂದ:

ಈಟ್ಟಿಯಲ್ಲಿ ಬಕಾರ ಬಿದ್ದುಹೋಗಿರಲೂಬಹುದಲ್ಲ? ಹೊಸ ಎಳೆಯಲ್ಲಿ ಬರೆಯುತ್ತೇನೆ.