ಒಂದೆಲಗದ ಹಾಗೇ ಕಾಣುವ ಈ ಬಳ್ಳಿಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಕಾಣುವ ಒಂದು ಗಿಡದ ಹೆಸರು ಕೇಳಬೇಕಿತ್ತು. ಮೊದಲು ಒಂದೆಲಗದ ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮಾತು ಬ್ರಾಹ್ಮಿ ಹತ್ತಿರವೇ ಸಿಕ್ಕಿಕೊಳ್ಳುತ್ತದೆ.

ಅಡಿಕೆ ತೋಟದ ಬಸಿಗಾಲುವೆ ಪಕ್ಕ, ಗದ್ದೆ ಅಂಚಿನಲ್ಲಿ ಹಬ್ಬಿಕೊಂಡು, ತಂಬುಳಿಗೆ ಒದಗುವ ಸೊಪ್ಪು ಒಂದೆಲಗ. ಘಟ್ಟ ಇಳಿದರೆ ತುಳುವಿನಲ್ಲಿ ತಿಮರೆ. ಸಂಸ್ಕೃತದಲ್ಲಿ ಮಂಡೂಕಪರ್ಣಿ. ಸಸ್ಯಶಾಸ್ತ್ರದವರಿಗೆ ಸೆಂಟೆಲ್ಲಾ ಏಷಿಯಾಟಿಕಾ. ಇದನ್ನೇ ಬ್ರಾಹ್ಮಿ ಅಂತಲೂ ಕರೆಯುತ್ತಾರಲ್ವಾ, ತೊಡಕು ಅಲ್ಲಿದೆ. ಆಯುರ್ವೇದದವರು ಬ್ರಾಹ್ಮಿ ಅಂದರೆ ಸಾಮಾನ್ಯವಾಗಿ ಬಕೋಪಾ ಮೊನಿಯೆರಿ, ಅಂದರೆ ನೀರುಬ್ರಾಹ್ಮಿ. ಹೆಸರು ಬೆರೆತಿದೆಯೇ ಹೊರತು ಗಿಡಗಳಲ್ಲಿ ಹೋಲಿಕೆಯೇ ಇಲ್ಲ. ನೀರುಬ್ರಾಹ್ಮಿಯ ಎಲೆ ಉಗುರಿನಷ್ಟು ಸಣ್ಣದು, ದಪ್ಪ. ಉದ್ದ ತೊಟ್ಟು ಇಲ್ಲ, ದಂಟಿನ ಮೇಲೆ ಎದುರುಬದುರು ಜೋಡಿಯಾಗಿ ಕೂತಿರುತ್ತದೆ. ಹೂವು ಬಿಳಿ ಇಲ್ಲವೇ ತಿಳಿ ನೇರಳೆ.

ಇಲಿಕಿವಿಯದ್ದು ಬೇರೆ ಕತೆ. ಕೆಲವರು ಒಂದೆಲಗಕ್ಕೇ ಹಾಗೆ ಅನ್ನುತ್ತಾರೆ. ಆದರೆ ಅದೇ ಹೆಸರಿನ ಇನ್ನೊಂದು ಬಳ್ಳಿಯೂ ಇದೆ, ನೆಲಕ್ಕಂಟಿಯೇ ಹಬ್ಬುತ್ತದೆ. ಅದರ ಹೂವು ಹಳದಿ, ಆಲಿಕೆಯಾಕಾರ. ಹೂ ಬಿಟ್ಟಾಗ ನೋಡಿದರೆ ಸಾಕು, ಮುಗಿಯಿತು.

ನಿಜವಾಗಿ ಕಣ್ಣಿಗೆ ಮೋಸ ಮಾಡುವುದು ಹೈಡ್ರೋಕೋಟೈಲ್ ಜಾತಿಯವು. ದುಂಡನೆ ಎಲೆ, ಉದ್ದ ತೊಟ್ಟು, ನೆಲದ ಮೇಲೆ ಬಳ್ಳಿ, ಗೆಣ್ಣಿನಲ್ಲಿ ಬೇರು. ಎಲ್ಲವೂ ಒಂದೆಲಗದ್ದೇ. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಒಂದೆಲಗವನ್ನೂ ಇದೇ ಜಾತಿಗೆ ಸೇರಿಸಿದ್ದ. ಅದು ಸೆಂಟೆಲ್ಲಾ ಆದದ್ದು 1879ರಲ್ಲಿ. ಹಾಗಾಗಿ ಹಳೇ ಔಷಧಿ ಪುಸ್ತಕಗಳಲ್ಲಿ ಒಂದೆಲಗದ ಪಕ್ಕ ಹೈಡ್ರೋಕೋಟೈಲ್ ಏಷಿಯಾಟಿಕಾ ಅಂತ ಕಂಡರೆ ಗಾಬರಿ ಬೇಡ, ಅದು ಹಳೇ ಹೆಸರು ಅಷ್ಟೇ.

ಗುರುತಿಸಲು ನಾನು ನಂಬುವುದು ಎಲೆಗಿಂತ ಗೆಣ್ಣು ಮತ್ತು ಹೂವನ್ನು. ಒಂದೆಲಗದ ಒಂದು ಬಳ್ಳಿ ಎತ್ತಿ ನೋಡಿ. ಬಳ್ಳಿಗೆ ಹೆಚ್ಚಾಗಿ ಸ್ವಲ್ಪ ಕೆಂಪು ಛಾಯೆ. ಗೆಣ್ಣಿನ ಕೆಳಗೆ ಬೇರು, ಮೇಲೆ ಒಂದೇ ಕಡೆಯಿಂದ ಹಲವು ಎಲೆ ಎದ್ದಿರುತ್ತವೆ. ತೊಟ್ಟಿನ ಬುಡ ಅಗಲವಾಗಿ ಗೆಣ್ಣನ್ನು ತಬ್ಬಿರುತ್ತದೆ. ಎಲೆಯ ಅಂಚಿನ ಹಲ್ಲು ಸಣ್ಣವು, ದುಂಡನೆಯವು. ಎಲೆ ಸರಿಸಿದರೆ ಮಣ್ಣಿನ ಹತ್ತಿರ ಮೂರ್ನಾಲ್ಕು ಪುಟ್ಟ ಕೆನ್ನೇರಳೆ ಹೂಗಳು ಅಡಗಿರುತ್ತವೆ. ಎಲೆ ಹಿಚುಕಿ ಮೂಸಿದರೆ ತಿಳಿಯಾದ ವಾಸನೆ ಇದೆ. ಕೊತ್ತಂಬರಿಯ ಕುಟುಂಬದ್ದೇ ಅಲ್ವಾ.

ನಾನು ಕೇಳುತ್ತಿರುವ ಗಿಡ ಹಾಗಿಲ್ಲ. ಅದರ ಗೆಣ್ಣಿಗೆ ಒಂದೊಂದೇ ಎಲೆ. ಎಲೆಯ ಅಂಚು ಮೂಲೆಮೂಲೆಯಾಗಿ ಸೀಳಿದ ಹಾಗಿದೆ, ಮುಟ್ಟಿದರೆ ಸಣ್ಣ ರೋಮ ಬೆರಳಿಗೆ ತಾಗುತ್ತದೆ. ಹೂಗಳು ಹಸಿರು ಮಿಶ್ರಿತ ಬಿಳಿ, ಜಾಸ್ತಿ ಹೂ ಒತ್ತಾಗಿ ಉಂಡೆ ಕಟ್ಟಿಕೊಂಡಿವೆ. ಜಾಗ ತಂಪು, ನೆರಳು. ಹೈಡ್ರೋಕೋಟೈಲ್ ಜವಾನಿಕಾ ಅಂತ ನನ್ನ ಅಂದಾಜು. ನರ್ಸರಿಗಳ ಕುಂಡದಲ್ಲಿ ಬ್ರಾಹ್ಮಿ ಅಂತ ಮಾರುವ ಪೆನ್ನಿವರ್ಟ್ ಇದಲ್ಲ. ಅದರ ತೊಟ್ಟು ಕಮಲದೆಲೆಯ ಹಾಗೆ ಎಲೆಯ ನಡುವಿಗೇ ಸೇರುತ್ತದೆ, ಒಂದೆಲಗದ ಹಾಗೆ ತೊಟ್ಟು ಸೇರುವ ಕಡೆ ಎಲೆ ಸೀಳಿರುವುದಿಲ್ಲ.

ನಮ್ಮೂರಿನ ಹಿರಿಯರನ್ನು ಕೇಳಿದರೆ "ಅದು ಒಂದೆಲಗ ಅಲ್ಲ, ಬಿಡು" ಅನ್ನುತ್ತಾರೆ. ಸರಿಯಾಗಿಯೇ ಗುರುತಿಸುತ್ತಾರೆ, ತಂಬುಳಿಗೆ ಕೊಯ್ಯುವುದೂ ಇಲ್ಲ. ಆದರೆ ಹೆಸರು ಹೇಳುವುದಿಲ್ಲ. ಇಷ್ಟು ಚೆನ್ನಾಗಿ ಬೇರ್ಪಡಿಸುವ ಜನ ಅದಕ್ಕೊಂದು ಹೆಸರು ಇಟ್ಟಿರಲೇಬೇಕು ಅನ್ನಿಸುತ್ತದೆ.

ಸಾಗರ, ಹೊಸನಗರ, ಸೊರಬ, ಶೃಂಗೇರಿ, ಕೊಪ್ಪದ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಹವ್ಯಕ ಮನೆಗಳಲ್ಲಿ, ದೀವರಲ್ಲಿ, ಹಸಲರಲ್ಲಿ ಬೇರೆ ಬೇರೆ ಹೆಸರಿದ್ದರೆ ಎಲ್ಲವನ್ನೂ ಬರೆಯಿರಿ. ಫೋಟೋ ಹಾಕುವವರು ಸುಮ್ನೆ ಎಲೆ ಮೇಲಿಂದ ತೆಗೆದರೆ ಪ್ರಯೋಜನವಿಲ್ಲ. ಗೆಣ್ಣು ಮತ್ತು ಹೂವು ಕಾಣುವಂತೆ ತೆಗೆಯಿರಿ.